ಒಬ್ಬರೇ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಸುತ್ತೋದು ಹೇಗೆ

ಒಬ್ಳೇ ಯೂರೋಪಿಗೆ ಹೋಗ್ತೀನಿ ಅಂದಾಗ ಅಮ್ಮ ಮೊದ್ಲು ಕೇಳಿದ್ದು "ಜೊತೆಗೆ ಯಾರೂ ಬರಲ್ವೇನೇ?" ಅಂತ, ಎರಡನೇದು "ಊಟಕ್ಕೇನ್ ಮಾಡ್ತೀಯಾ?" ಅಂತ. ವೀಸಾ, ದುಡ್ಡು, ಸೇಫ್ಟಿ ಇವೆಲ್ಲ ಅಮ್ಮನ ಲಿಸ್ಟಲ್ಲಿ ಆಮೇಲೆ ಬಂದವು. ಹೋಗಿ ಬಂದ್ಮೇಲೆ ಅದೇ ಪ್ರಶ್ನೆಗಳನ್ನ ಆಫೀಸಲ್ಲಿ, ಮದುವೆ ಮನೇಲಿ, ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಎಲ್ಲ ಕಡೆ ಕೇಳಿಸ್ಕೊಂಡು ಸಾಕಾಗಿದೆ, ಅದಕ್ಕೇ ಒಂದೇ ಸಲ ಎಲ್ಲ ಬರೆದುಬಿಡೋಣ ಅಂತ ಕೂತಿದೀನಿ.

ನಾನು ಹೇಳೋದು ಒಂದೇ ರೂಟು, ಪ್ರಾಗ್ ಆಮೇಲೆ ವಿಯೆನ್ನಾ ಆಮೇಲೆ ಬುಡಾಪೆಸ್ಟ್, ಒಟ್ಟು ಹನ್ನೆರಡು ಹದಿಮೂರು ರಾತ್ರಿ. ಪ್ಯಾರಿಸ್, ರೋಮ್ ಯಾಕಲ್ಲ ಅಂದ್ರೆ, ಬೇಡ ಅಂತೇನಿಲ್ಲ, ಆದ್ರೆ ಮೊದಲನೇ ಸಲ ಒಬ್ಬರೇ ಹೋಗೋರಿಗೆ ಈ ಮೂರು ಊರು ಒಂದೇ ರೈಲು ಲೈನಲ್ಲಿ ಸಿಗುತ್ತೆ, ಹಳೇ ಊರೆಲ್ಲ ಕಾಲ್ನಡಿಗೇಲೇ ಮುಗಿಯುತ್ತೆ, ವಿಯೆನ್ನಾ ಬಿಟ್ರೆ ಜೇಬಿಗೂ ಅಷ್ಟು ಭಾರ ಅಲ್ಲ. ಇನ್ನೊಂದು ಕಾರಣ ನಂಗೆ ಹೋದ್ಮೇಲೇ ಗೊತ್ತಾಗಿದ್ದು. ಒಬ್ಬರೇ ತಿರುಗುವಾಗ ಹಗಲು ಕಷ್ಟ ಅಲ್ಲ ಕಣ್ರೀ, ಸಂಜೆ ಕಷ್ಟ. ಬೇಸಿಗೇಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ, ಅಲ್ಲಿ ರಾತ್ರಿ ಎಂಟಾಗಿ, ಇನ್ನೂ ಬೆಳಕಿದ್ದು, ಸುತ್ತ ಎಲ್ಲ ಟೇಬಲ್ಲಲ್ಲೂ ಜೋಡಿ ಜೋಡಿ ಜನ ಕೂತು ನಗ್ತಾ ಇರೋ ಹೊತ್ತಿಗೆ ನಮ್ಮೂರಲ್ಲಿ ಹನ್ನೊಂದೂವರೆ, ಮಾತಾಡೋಕೆ ಅಂತ ಫೋನ್ ಮಾಡಿದ್ರೆ ಎತ್ತೋರೇ ಇರಲ್ಲ. ಆ ಎರಡು ಗಂಟೆ ಹೇಗೆ ಕಳೀತೀರಾ ಅನ್ನೋದರ ಮೇಲೆ ಇಡೀ ಟ್ರಿಪ್ಪು ನಿಂತಿದೆ. ಈ ಮೂರು ಊರಲ್ಲೂ ಒಬ್ಬರೇ ಹೋಗಿ ಕೂತ್ರೆ ಯಾರೂ ಹುಬ್ಬೇರಿಸದ ಜಾಗಗಳು ಇವೆ, ಅದನ್ನ ಇಟ್ಕೊಂಡೇ ನಾನು ಪ್ಲ್ಯಾನ್ ಹೇಳ್ತೀನಿ.

ಹೊರಡೋ ಮುಂಚೆ

ಪ್ರಾಗ್ ಇರೋ ಚೆಕ್, ವಿಯೆನ್ನಾ ಇರೋ ಆಸ್ಟ್ರಿಯಾ, ಬುಡಾಪೆಸ್ಟ್ ಇರೋ ಹಂಗೇರಿ, ಮೂರೂ ಷೆಂಗೆನ್ ಅನ್ನೋ ಯೂರೋಪಿನ ಗುಂಪಿನ ದೇಶಗಳೇ, ಒಂದೇ ವೀಸಾ ಸಾಕು. ಅರ್ಜಿ ಯಾವ ದೇಶಕ್ಕೆ ಅಂದ್ರೆ ಎಲ್ಲಿ ಜಾಸ್ತಿ ರಾತ್ರಿ ಇರ್ತೀರೋ ಅಲ್ಲಿಗೆ, ಎಲ್ಲ ಕಡೆ ಸಮ ಇದ್ರೆ ಮೊದಲು ಕಾಲಿಡೋ ದೇಶಕ್ಕೆ. ಅಂದ್ರೆ ನಾಲ್ಕು-ನಾಲ್ಕು-ನಾಲ್ಕು ಅಂತ ಹಾಕಿದ್ರೆ ಚೆಕ್ ವೀಸಾ, ವಿಯೆನ್ನಾಕ್ಕೆ ಒಂದು ರಾತ್ರಿ ಸೇರಿಸಿದ್ರೆ ಆಸ್ಟ್ರಿಯಾ ವೀಸಾ. ಹೋಟೆಲ್ ಬುಕ್ ಮಾಡೋಕೆ ಮುಂಚೆ ಬೆರಳು ಮಡಚಿ ರಾತ್ರಿಗಳನ್ನ ಎಣಿಸಿ, ಎಲ್ಲಿ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತೋ ನೋಡಿ, ಅದಕ್ಕೆ ತಕ್ಕ ಹಾಗೆ ಹೆಚ್ಚು ಕಮ್ಮಿ ಮಾಡ್ಕೊಳ್ಳಿ. 2024ರ ಜೂನಿಂದ ದೊಡ್ಡವರಿಗೆ ವೀಸಾ ಫೀಸು 90 ಯೂರೋ, ಸರ್ವಿಸ್ ಚಾರ್ಜ್ ಬೇರೆ. ಟ್ರಾವೆಲ್ ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಇರಲೇಬೇಕು. ಆರು ತಿಂಗಳ ಮುಂಚಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ಕಮ್ಮಿ ಇದ್ದಾಗ ಹಾಕೋ ಹಾಗಿಲ್ಲ, ಬೇಸಿಗೇಲಿ ಹೋಗೋರು ಎರಡು ಮೂರು ತಿಂಗಳ ಮುಂಚೆ ಹಾಕೋದು ಒಳ್ಳೇದು ಯಾಕಂದ್ರೆ ಎಲ್ಲರ ಮನೆ ಮಕ್ಕಳಿಗೂ ಆಗಲೇ ರಜೆ. ಒಬ್ಬರೇ ಹೋಗೋರು ಆಫೀಸಿನ ರಜೆ ಪತ್ರ ಮತ್ತೆ ದಿನಕ್ಕೆ ಎರಡು ಸಾಲಿನ ಹಾಗೆ ಎಲ್ಲಿರ್ತೀನಿ ಏನ್ ನೋಡ್ತೀನಿ ಅಂತ ಒಂದು ಹಾಳೆ ಟೈಪ್ ಮಾಡಿ ಫೈಲಲ್ಲಿ ಇಡಿ, ಈಯಮ್ಮ ವಾಪಸ್ ಬರ್ತಾಳೆ ಅನ್ನೋ ನಂಬಿಕೆ ವೀಸಾ ಕೊಡೋರಿಗೆ ಬರಬೇಕಲ್ಲ.

ಸೂಟ್‌ಕೇಸ್ ಬೇಡ. ಇದನ್ನ ನಾನು ದಪ್ಪ ಅಕ್ಷರದಲ್ಲಿ ಬರೀಬೇಕಿತ್ತು. ಹಳೇ ಊರಿನ ರಸ್ತೆಗೆಲ್ಲ ಮುಷ್ಟಿ ಗಾತ್ರದ ಕಲ್ಲು ಹಾಸಿರ್ತಾರೆ, ಅದರ ಮೇಲೆ ಚಕ್ರದ ಪೆಟ್ಟಿಗೆ ಎಳ್ಕೊಂಡು ಹೋದ್ರೆ ಗಡಗಡಗಡ ಅಂತ ಇಡೀ ಬೀದಿ ತಿರುಗಿ ನೋಡುತ್ತೆ, ನನ್ನ ಪೆಟ್ಟಿಗೆಯ ಒಂದು ಚಕ್ರ ಪ್ರಾಗ್‌ನಲ್ಲಿ ಎರಡನೇ ತಿರುವಿಗೇ ಕಿತ್ತು ಹೋಗಿ ಚರಂಡಿ ಜಾಲರಿ ಹತ್ರ ಉರುಳಿ ನಿಂತ್ಕೊಂಡ್ತು, ಆಮೇಲೆ ಬುಡಾಪೆಸ್ಟ್ ತನಕ ಮೂರೇ ಚಕ್ರ, ಸದಾ ಬಲಕ್ಕೆ ಎಳೆಯೋ ಹಳೇ ಸ್ಕೂಟರ್ ಥರ. ಬೆನ್ನಿಗೆ ಹಾಕೋ ಬ್ಯಾಗ್ ತಗೊಂಡು ಹೋಗಿ. ದಪ್ಪ ಅಡಿ ಇರೋ, ಮನೇಲೇ ಹಾಕಿ ಪಳಗಿಸಿರೋ ಶೂ, ಹೊಸದು ಬೇಡ. ನಮ್ಮ ಫೋನ್ ಚಾರ್ಜರಿನ ಎರಡು ಗುಂಡು ಪಿನ್ನು ಅಲ್ಲಿ ಸಾಮಾನ್ಯವಾಗಿ ಹಿಡಿಯುತ್ತೆ, ಲ್ಯಾಪ್‌ಟಾಪಿನ ಮೂರು ಪಿನ್ನು ಹಿಡಿಯಲ್ಲ, ಅದಕ್ಕೆ ಅಡಾಪ್ಟರ್ ಬೇಕು.

ರೂಮು ಹಳೇ ಊರಿನ ನಟ್ಟನಡುವೆ ಬೇಕು ಅಂತ ಹಠ ಬೇಡ, ಅಲ್ಲಿ ದುಡ್ಡು ಜಾಸ್ತಿ, ರಾತ್ರಿ ಗಲಾಟೆ ಜಾಸ್ತಿ. ಟ್ರಾಮ್ ಸ್ಟಾಪಿಂದ ಮೂರು ನಿಮಿಷದ ಒಳಗೆ ಇದ್ಯಾ, ಆ ಮೂರು ನಿಮಿಷದ ದಾರೀಲಿ ಅಂಗಡಿ ಬೆಳಕು ಇದ್ಯಾ ಅಂತ ಮ್ಯಾಪಲ್ಲಿ ಬೀದಿ ಫೋಟೋ ನೋಡಿ ಬುಕ್ ಮಾಡಿ. ಹಾಸ್ಟೆಲ್ ಆದ್ರೆ ಹೆಂಗಸರಿಗೇ ಅಂತ ಬೇರೆ ಡಾರ್ಮ್ ಇರುತ್ತೆ. ತೀರಾ ರಾತ್ರಿ ತಲುಪೋ ಫ್ಲೈಟ್ ಮೊದಲ ದಿನಕ್ಕೆ ಬೇಡವೇ ಬೇಡ.

ದುಡ್ಡಿನ ಲೆಕ್ಕ ಮೂರು ಊರಲ್ಲಿ ಮೂರು ಥರ. ಪ್ರಾಗ್‌ನಲ್ಲಿ ಕೊರುನಾ, ವಿಯೆನ್ನಾದಲ್ಲಿ ಯೂರೋ, ಬುಡಾಪೆಸ್ಟಲ್ಲಿ ಫೋರಿಂಟ್. ಬಾಯಿಲೆಕ್ಕಕ್ಕೆ ಹೀಗೆ ಇಟ್ಕೊಳ್ಳಿ, ಹತ್ತಿರ ಹತ್ತಿರ ಒಂದು ಕೊರುನಾಗೆ ನಾಲ್ಕು ರೂಪಾಯಿ, ಒಂದು ರೂಪಾಯಿಗೆ ನಾಲ್ಕು ಫೋರಿಂಟ್, ಅಂದ್ರೆ ಪ್ರಾಗ್‌ನಲ್ಲಿ ನಾಲ್ಕರಿಂದ ಗುಣಿಸಿ ಬುಡಾಪೆಸ್ಟಲ್ಲಿ ನಾಲ್ಕರಿಂದ ಭಾಗಿಸಿ. ಎಲ್ಲ ಕಡೆ ಕಾರ್ಡ್ ನಡೆಯುತ್ತೆ. ಎಟಿಎಮ್ಮಲ್ಲಾಗಲಿ ಅಂಗಡಿ ಮಷೀನಲ್ಲಾಗಲಿ "ನಿಮ್ಮ ದೇಶದ ಕರೆನ್ಸಿಗೆ ಬದಲಾಯಿಸಿ ಕೊಡಲಾ" ಅಂತ ಬಹಳ ಪ್ರೀತಿಯಿಂದ ಕೇಳುತ್ತೆ, ರೂಪಾಯಿ ನೋಡಿದ ಖುಷೀಲಿ ಹೂಂ ಅನ್ಬೇಡಿ, ಅಲ್ಲಿ ಹಾಕೋ ರೇಟು ನಮಗೆ ನಷ್ಟ, ಯಾವಾಗ್ಲೂ ಆ ಊರಿನ ದುಡ್ಡನ್ನೇ ಒತ್ತಿ. ಪ್ರಾಗ್‌ನಲ್ಲಿ ಕಮಿಷನ್ ಸೊನ್ನೆ ಅಂತ ದೊಡ್ಡದಾಗಿ ಬೋರ್ಡ್ ಹಾಕಿರೋ ಕೆಲವು ಅಂಗಡೀಲಿ ರೇಟಲ್ಲೇ ಹೊಡೀತಾರೆ, ಎಷ್ಟು ಕೊಟ್ರೆ ಎಷ್ಟು ಕೈಗೆ ಬರುತ್ತೆ ಅಂತ ಕೇಳಿ ಆಮೇಲೆ ನೋಟು ತೆಗೀರಿ. ರಸ್ತೇಲಿ ಬಂದು ಚೇಂಜ್ ಬೇಕಾ ಅನ್ನೋರ ಕಡೆ ತಿರುಗಿಯೂ ನೋಡ್ಬೇಡಿ. ಒಂದಿಷ್ಟು ನಾಣ್ಯ ಮಾತ್ರ ಜೇಬಲ್ಲಿ ಇರಲಿ, ಸಾರ್ವಜನಿಕ ಟಾಯ್ಲೆಟ್ಟಿಗೆ ಬಹಳ ಕಡೆ ಕಾಸು ಕೊಡಬೇಕು.

ಪ್ರಾಗ್, ಬೆಳಗಿನ ಜಾವದ ಊರು

ಒಂಟಿಯಾಗಿ ಹೋದೋರಿಗೆ ಇರೋ ದೊಡ್ಡ ಆಸ್ತಿ ಅಂದ್ರೆ ಬೆಳಗಿನ ಜಾವ. ಗುಂಪಲ್ಲಿ ಹೋದ್ರೆ ಒಬ್ಬರ ಸ್ನಾನ ಇನ್ನೊಬ್ಬರ ಕಾಫಿ ಅಂತ ಹತ್ತು ಗಂಟೆ ಆಗುತ್ತೆ, ಒಬ್ಬರೇ ಇದ್ರೆ ಮುಖ ತೊಳೆದು ಶೂ ಹಾಕಿದ್ರೆ ಆಯ್ತು. ಮೇ ತಿಂಗಳಲ್ಲಿ ಪ್ರಾಗ್‌ನಲ್ಲಿ ಐದೂ ಕಾಲಿನ ಸುಮಾರಿಗೆ ಸೂರ್ಯ ಬಂದ್ಬಿಡ್ತಾನೆ. ಆ ಹೊತ್ತಿಗೆ ಚಾರ್ಲ್ಸ್ ಸೇತುವೆ ಮೇಲಿರಿ. ಹತ್ತು ಗಂಟೆ ಮೇಲೆ ಅಲ್ಲಿ ಮೈಸೂರು ದಸರಾ ಸಂಜೆ ಥರ ಜನ, ಭುಜ ತಾಗಿಸ್ಕೊಂಡೇ ನಡೀಬೇಕು, ಆರು ಗಂಟೆಗೆ ನಾನು, ಒಬ್ಬ ಕಸ ಗುಡಿಸೋನು, ಒಂದು ಮದುವೆ ಜೋಡಿ ಫೋಟೋ ತೆಗೆಸ್ಕೊಳ್ತಾ, ಅಷ್ಟೇ.

ಸೇತುವೆ 516 ಮೀಟರ್ ಉದ್ದ, ಹದಿನಾರು ಕಮಾನು, ಎರಡೂ ಕಡೆ ಸೇರಿ ಮೂವತ್ತು ವಿಗ್ರಹ. ನಾಲ್ಕನೇ ಚಾರ್ಲ್ಸ್ ಅನ್ನೋ ರಾಜ 1357ರಲ್ಲಿ ಶುರು ಮಾಡಿಸಿದ್ದು, ಅದೂ ಹೇಗೆ ಅಂದ್ರೆ ಪಕ್ಕಾ ಮುಹೂರ್ತ ನೋಡಿ. 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಗ್ಗೆ 5 ಗಂಟೆ 31 ನಿಮಿಷ. ಸಾಲಾಗಿ ಬರೆದು ನೋಡಿ, 1 3 5 7 9 7 5 3 1, ಏರಿ ಇಳಿಯೋ ಬೆಸ ಸಂಖ್ಯೆ. ಹೀಗೆ ಕಲ್ಲು ಇಟ್ರು ಅಂತ ಪ್ರಾಗ್‌ನವರು ಹೇಳ್ತಾರೆ, ನಿಜಾನೋ ಕಥೇನೋ, ಗೃಹಪ್ರವೇಶಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿಕೊಂಡು ಬೆಳೆದ ನಂಗಂತೂ ಆ ರಾಜ ತುಂಬ ಹತ್ತಿರದವನು ಅನ್ನಿಸ್ತು. ವಿಗ್ರಹಗಳಲ್ಲಿ ತಲೆ ಸುತ್ತ ಐದು ನಕ್ಷತ್ರ ಇರೋನು ನೆಪೊಮುಕ್‌ನ ಜಾನ್ ಅನ್ನೋ ಪಾದ್ರಿ, 1393ರಲ್ಲಿ ಅವನನ್ನ ನದಿಗೆ ಎಸೆದು ಕೊಂದ್ರು. ಅವನ ಪೀಠದ ಕಂಚಿನ ತಗಡನ್ನ ಮುಟ್ಟಿದ್ರೆ ಒಳ್ಳೇದಾಗುತ್ತೆ ಅಂತ ನಂಬಿಕೆ, ಎಲ್ಲರೂ ಮುಟ್ಟಿ ಮುಟ್ಟಿ ಅಲ್ಲಿ ಮಾತ್ರ ಬಂಗಾರದ ಥರ ಹೊಳೆಯುತ್ತೆ, ಉಳಿದದ್ದೆಲ್ಲ ಕಪ್ಪು. ಆ ತಗಡಿನ ಹತ್ರ ಹಗಲು ಕ್ಯೂ ಇರುತ್ತೆ, ಬೆಳಗ್ಗೆ ನೀವೊಬ್ಬರೇ.

ಸೇತುವೆ ದಾಟಿ ಕೋಟೆಗೆ ಹತ್ತಬೇಡಿ, ಬದಲಿಗೆ 22ನೇ ನಂಬರ್ ಟ್ರಾಮ್ ಹಿಡಿದು ಮೇಲೆ ಇಳಿದು ಕೋಟೆ ನೋಡ್ಕೊಂಡು ನಡೆದು ಕೆಳಗೆ ಬನ್ನಿ, ಮಂಡಿ ಉಳಿಯುತ್ತೆ. ಅಂಗಳಕ್ಕೆ ಟಿಕೆಟ್ ಇಲ್ಲ, ಒಳಗಿನ ಕಟ್ಟಡಗಳಿಗೆ ಮಾತ್ರ. ಸೇಂಟ್ ವೀಟಸ್ ಕ್ಯಾಥೆಡ್ರಲ್ 1344ರಲ್ಲಿ ಶುರುವಾಗಿ ಮುಗಿದಿದ್ದು 1929ರಲ್ಲಿ, ನಮ್ಮ ಕಾಮಗಾರಿಗಳನ್ನ ಬೈಯೋ ಮುಂಚೆ ಇದನ್ನ ನೆನಪಿಸ್ಕೊಳ್ಳಿ. ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರಿ, ಭಾನುವಾರ ಬೆಳಗ್ಗೆ ಪೂಜೆ ಇರೋದ್ರಿಂದ ಆ ದಿನ ಬೇಡ. ಒಳಗೆ ಎಡಗಡೆ ಮೂಚಾ ಅನ್ನೋ ಚಿತ್ರಕಾರ ಮಾಡಿದ ಬಣ್ಣದ ಗಾಜಿನ ಕಿಟಕಿ ಒಂದಿದೆ, ಅದರ ಮುಂದೆ ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ಳಿ.

ಹಳೇ ಊರಿನ ಚೌಕದ ಖಗೋಳ ಗಡಿಯಾರ 1410ರದ್ದು. ಗಂಟೆಗೊಂದು ಸಲ ಅಸ್ಥಿಪಂಜರ ಗಂಟೆ ಎಳೆಯುತ್ತೆ, ಮೇಲೆ ಯೇಸುವಿನ ಹನ್ನೆರಡು ಶಿಷ್ಯರ ಗೊಂಬೆ ಹಾದು ಹೋಗುತ್ತೆ, ಕೊನೆಗೆ ಕೋಳಿ ಕೂಗುತ್ತೆ, ಮುಗೀತು, ಒಂದು ನಿಮಿಷವೂ ಇಲ್ಲ. ಅದಕ್ಕೆ ಅರ್ಧ ಗಂಟೆ ಮುಂಚಿಂದ ಜನ ಫೋನ್ ಎತ್ತಿ ಹಿಡ್ಕೊಂಡು ನಿಂತಿರ್ತಾರೆ, ಜೇಬುಗಳ್ಳರಿಗೆ ಇದಕ್ಕಿಂತ ಹಬ್ಬ ಇಲ್ಲ, ಬ್ಯಾಗ್ ಎದೆ ಮೇಲೆ ಇರಲಿ. ನಾನು ಹೇಳೋದು ಗೊಂಬೆ ಬಿಡಿ, ಡಯಲ್ ನೋಡಿ. ಅದರ ಮೇಲೆ ಪಕ್ಕಕ್ಕೆ ಸರಿದ ಹಾಗೆ ಇರೋ ಒಂದು ಬಳೆಯಲ್ಲಿ ಹನ್ನೆರಡು ರಾಶಿ ಇದೆ, ಸೂರ್ಯ ಈಗ ಯಾವ ರಾಶೀಲಿ ಅಂತ ಬಂಗಾರದ ಗುಂಡು ತೋರಿಸುತ್ತೆ. ನಮ್ಮ ಪಂಚಾಂಗಕ್ಕೂ ಅದಕ್ಕೂ ಹೆಚ್ಚು ಕಮ್ಮಿ ಇಪ್ಪತ್ತನಾಲ್ಕು ದಿನ ವ್ಯತ್ಯಾಸ, ಅವರದ್ದು ಸಾಯನ (ಋತುವಿನ ಲೆಕ್ಕ) ನಮ್ಮದು ನಿರಯನ (ನಕ್ಷತ್ರದ ಲೆಕ್ಕ), ನಾನು ಮೇ ಮೊದಲ ವಾರ ನೋಡಿದಾಗ ಅಲ್ಲಿ ಆಗಲೇ ವೃಷಭ, ನಮ್ಮಲ್ಲಿನ್ನೂ ಮೇಷ. ಗಡಿಯಾರದ ಪಕ್ಕದಲ್ಲೇ ನೆಲ ನೋಡಿ, ಬಿಳೀ ಕಲ್ಲಲ್ಲಿ ಇಪ್ಪತ್ತೇಳು ಶಿಲುಬೆ ಕೂರಿಸಿದಾರೆ. 1621ರ ಜೂನ್ 21ಕ್ಕೆ ರಾಜನ ವಿರುದ್ಧ ಎದ್ದ ಇಪ್ಪತ್ತೇಳು ಜನರನ್ನ ಅಲ್ಲೇ ಕೊಂದಿದ್ದು. ಮೇಲೆ ನೋಡೋ ಗುಂಪು ಅದನ್ನ ತುಳ್ಕೊಂಡೇ ಓಡಾಡುತ್ತೆ.

ಯಹೂದಿ ಬೀದಿಗೆ ಅರ್ಧ ದಿನ ಇಡಿ, ಶನಿವಾರ ಮುಚ್ಚಿರುತ್ತೆ. ಪಿಂಕಾಸ್ ಸಿನಗಾಗ್ ಅನ್ನೋ ಯಹೂದಿಗಳ ಪ್ರಾರ್ಥನಾ ಮಂದಿರದ ಗೋಡೆ ತುಂಬ ನಾಜಿಗಳು ಕೊಂದ ಸುಮಾರು 80,000 ಚೆಕ್ ಯಹೂದಿಗಳ ಹೆಸರು ಕೈಯಲ್ಲಿ ಬರೆದಿದೆ, ಸಣ್ಣ ಅಕ್ಷರ, ಕೆಂಪು ಕಪ್ಪು. ಮಹಡೀಲಿ ನಾಜಿಗಳ ಟೆರೆಜಿನ್ ಕ್ಯಾಂಪಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರ. ಇದಾದ್ಮೇಲೆ ಆ ದಿನ ಬೇರೆ ಏನೂ ಇಟ್ಕೋಬೇಡಿ, ಒಬ್ಬರೇ ಇದ್ದಾಗ ಮನಸ್ಸು ಹಗುರ ಮಾಡೋಕೆ ಪಕ್ಕದಲ್ಲಿ ಯಾರೂ ಇರಲ್ಲ. ನಾನು ಸೀದಾ ವೀಶೆಹ್ರಾದ್ ಅನ್ನೋ ದಕ್ಷಿಣದ ಗುಡ್ಡಕ್ಕೆ ಹೋಗಿ ಕೋಟೆ ಗೋಡೆ ಮೇಲೆ ಕೂತು ಕತ್ತಲಾಗೋ ತನಕ ನದಿ ನೋಡಿದೆ. ಟಿಕೆಟ್ ಇಲ್ಲ, ಜನ ಇಲ್ಲ, ನಾಯಿ ಕರ್ಕೊಂಡು ವಾಕ್ ಬರೋ ಆ ಊರಿನೋರು ಮಾತ್ರ. ಪ್ರಾಗ್‌ನ ಸಂಜೆಗೆ ನನ್ನ ಉತ್ತರ ಇದೇ. ಬಾಳೆ ಎಲೆ ಮೇಲೆ ಬಡಿಸ್ದಂಗೆ ಊರೆಲ್ಲ ಕೆಳಗೆ ಹರಡಿಕೊಂಡಿರುತ್ತೆ.

ಟಿಕೆಟ್ಟಿನ ಕಥೆ

ಈ ಮೂರೂ ಊರಲ್ಲಿ ಟ್ರಾಮು ಬಸ್ಸು ಹತ್ತೋಕೆ ಕಂಡಕ್ಟರ್ ಇಲ್ಲ, ನಮ್ಮ ಮೆಟ್ರೋ ಥರ ಗೇಟೂ ಸಾಮಾನ್ಯವಾಗಿ ಇಲ್ಲ. ನಂಬಿಕೆ ಮೇಲೆ ನಡೆಯುತ್ತೆ. ಪೇಪರ್ ಟಿಕೆಟ್ ತಗೊಂಡ್ರೆ ಸಾಲದು, ಅದನ್ನ ಒಂದು ಪುಟ್ಟ ಡಬ್ಬಿಗೆ ತೂರಿಸಿ ಟಕ್ ಅಂತ ಟೈಮ್ ಮುದ್ರೆ ಹಾಕಿಸಬೇಕು, ಇಲ್ಲಾಂದ್ರೆ ಅದು ಬರೀ ಕಾಗದ. ನಂಗೆ ಇದು ಗೊತ್ತಿತ್ತು, ಓದ್ಕೊಂಡೇ ಹೋಗಿದ್ದೆ, ಆದ್ರೂ ಮೂರರಲ್ಲಿ ಒಂದು ಊರಲ್ಲಿ (ಯಾವುದು ಅಂತ ಹೇಳಲ್ಲ, ತಪ್ಪು ನಂದೇ) ಮಳೇಲಿ ಓಡಿ ಬಂದು ಟ್ರಾಮ್ ಹತ್ತಿ ಕೊಡೆ ಮಡಚೋ ಗಡಿಬಿಡೀಲಿ ಮರೆತೆ. ಎರಡನೇ ಸ್ಟಾಪಲ್ಲಿ ಮಾಮೂಲಿ ಜಾಕೆಟ್ ಹಾಕಿದ್ದ ಒಬ್ಬರು ಎದ್ದು ಬಂದು ಜೇಬಿಂದ ಬಿಲ್ಲೆ ತೋರಿಸಿದ್ರು. ಟಿಕೆಟ್ ಕೊಟ್ಟೆ, ಅವರು ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ಬಹಳ ಬೇಜಾರಿಂದ ತಲೆ ಆಡಿಸಿದ್ರು, ನಮ್ಮ ಹೈಸ್ಕೂಲ್ ಮೇಷ್ಟ್ರು ಲೆಕ್ಕದ ಪೇಪರ್ ಕೊಡುವಾಗ ಆಡಿಸ್ತಿದ್ದ ಹಾಗೆ. ದಂಡದ ರಸೀದಿ ಇನ್ನೂ ಪರ್ಸಲ್ಲಿದೆ. ಅದಕ್ಕೇ ಹೇಳೋದು, ಒಂದು ದಿನ ಅಥವಾ ಅದಕ್ಕಿಂತ ಜಾಸ್ತಿ ದಿನ ನಡೆಯೋ ಪಾಸ್ ತಗೊಳ್ಳಿ, ಒಂದೇ ಸಲ ಮುದ್ರೆ, ಇಲ್ಲಾಂದ್ರೆ ಆ ಊರಿನ ಆ್ಯಪಲ್ಲೇ ತಗೊಂಡು ಹತ್ತೋ ಮುಂಚೆ ಆನ್ ಮಾಡಿ.

ಪ್ರಾಗ್‌ನಿಂದ ವಿಯೆನ್ನಾಕ್ಕೆ ರೈಲಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟಿಗೆ ಎರಡು ಮುಕ್ಕಾಲು ಗಂಟೆ ಹತ್ರ. ರೈಲ್ವೆಯವರ ಸ್ವಂತ ಸೈಟಲ್ಲೇ ಮುಂಚಿತವಾಗಿ ತಗೊಂಡ್ರೆ ಅಗ್ಗ. ಟಿಕೆಟ್ ಬೇರೆ, ಸೀಟ್ ರಿಸರ್ವೇಶನ್ ಬೇರೆ, ಒಂದೆರಡು ಕಾಸು ಜಾಸ್ತಿ ಆದ್ರೂ ಸೀಟು ಮಾಡಿಸಿ, ಒಬ್ಬರೇ ಇದ್ದಾಗ ಬ್ಯಾಗ್ ಕಾಯೋರು ಯಾರೂ ಇರಲ್ಲವಲ್ಲ, ಜಾಗ ಹುಡುಕ್ತಾ ಬೋಗಿ ಬೋಗಿ ಅಲೆಯೋಕಾಗಲ್ಲ. ಗಡೀಲಿ ಯಾರೂ ಇಳಿಸಲ್ಲ ಸಾಮಾನ್ಯವಾಗಿ, ಆದ್ರೂ ಪಾಸ್‌ಪೋರ್ಟ್ ಕೈಗೆ ಸಿಗೋ ಹಾಗಿರಲಿ, ಒಂದೊಂದು ಸಲ ಪೊಲೀಸರು ಬಂದು ನೋಡ್ತಾರೆ.

ವಿಯೆನ್ನಾ, ಕೂತ್ಕೊಳ್ಳೋ ಊರು, ನಿಂತ್ಕೊಳ್ಳೋ ಊರು

ವಿಯೆನ್ನಾದಲ್ಲಿ ಹಳೇ ಊರಿನ ಸುತ್ತ ಕೋಟೆ ಗೋಡೆ ಇತ್ತು, 1857ರಲ್ಲಿ ಫ್ರಾಂಜ್ ಜೋಸೆಫ್ ಚಕ್ರವರ್ತಿ ಅದನ್ನ ಕೆಡವೋಕೆ ಆಜ್ಞೆ ಮಾಡಿ ಆ ಜಾಗದಲ್ಲಿ ದೊಡ್ಡ ರಸ್ತೆ ಮಾಡಿಸಿದ, ಅದೇ ರಿಂಗ್. ಈ ಒಂದು ವಿಷಯ ತಲೇಲಿದ್ರೆ ಊರು ಅರ್ಥ ಆಗುತ್ತೆ, ರಿಂಗ್ ಒಳಗೆ ಇರೋದು ಹಳೇದು, ಡೊಂಕು ಗಲ್ಲಿಗಳು, ರಿಂಗ್ ಮೇಲಿರೋದು ಒಪೆರಾ (ಹಾಡಲ್ಲೇ ನಡೆಯೋ ನಾಟಕದ ಮಂದಿರ), ಪಾರ್ಲಿಮೆಂಟು, ಮ್ಯೂಸಿಯಂ ಎಲ್ಲ ಠೀವಿ. ಮೊದಲ ಸಂಜೆ 1 ಮತ್ತೆ 2ನೇ ಟ್ರಾಮಲ್ಲಿ ಅದರ ಸುತ್ತ ಒಂದು ರೌಂಡ್ ಹೊಡೀರಿ, ಟೂರ್ ಬಸ್ಸಿಗೆ ಕೊಡೋ ದುಡ್ಡು ಉಳಿಯುತ್ತೆ.

ಇಲ್ಲಿನ ಕಾಫಿಹೌಸ್ ಅಂದ್ರೆ ಒಂಟಿ ಜನರಿಗಾಗೇ ಹುಟ್ಟಿದ ಜಾಗ. ನಮ್ಮ ದರ್ಶಿನೀಲಿ ನಿಂತ್ಕೊಂಡೇ ಬೈ-ಟು ಕಾಫಿ ಎರಡು ನಿಮಿಷದಲ್ಲಿ ಮುಗಿಸಿ ಲೋಟ ಇಟ್ಟು ಹೊರಡ್ತೀವಲ್ಲ, ಅದರ ಪೂರ್ತಿ ಉಲ್ಟಾ. ಒಳಗೆ ಹೋಗಿ ಖಾಲಿ ಟೇಬಲ್ಲಲ್ಲಿ ಕೂತ್ಕೊಳ್ಳಿ, ಒಂದು "ಮೆಲಾಂಜ್" ಹೇಳಿ, ನೊರೆ ಹಾಲಿನ ಕಾಫಿ. ಪುಟ್ಟ ಬೆಳ್ಳಿ ಬಣ್ಣದ ತಟ್ಟೇಲಿ ಕಾಫಿ, ಪಕ್ಕದಲ್ಲಿ ಒಂದು ಗ್ಲಾಸ್ ನೀರು, ನೀರಿನ ಗ್ಲಾಸ್ ಮೇಲೆ ಚಮಚ ಬೋರಲಾಗಿ ಇಟ್ಟು ತರ್ತಾರೆ. ಅದೊಂದು ಕಾಫಿಗೆ ಎರಡು ಗಂಟೆ ಕೂತ್ರೂ ಯಾರೂ ಏಳಿ ಅನ್ನಲ್ಲ. ಮರದ ಕೋಲಿಗೆ ಸಿಕ್ಕಿಸಿದ ಪೇಪರ್‌ಗಳು ನೇತಾಡ್ತಿರುತ್ತೆ, ಪಕ್ಕದ ಟೇಬಲ್ಲಲ್ಲೂ ಒಬ್ಬರೇ, ಆಚೆ ಟೇಬಲ್ಲಲ್ಲೂ ಒಬ್ಬರೇ. ವೇಟರ್‌ಗಳ ಮುಖ ಗಂಟು ಹಾಕಿದ ಹಾಗಿರುತ್ತೆ, ನಿಮ್ಮ ಮೇಲೆ ಕೋಪ ಅಲ್ಲ, ಅವರ ಸ್ಟೈಲೇ ಅದು. ಬಿಲ್ ತಾನಾಗೇ ಬರಲ್ಲ, "ತ್ಸಾಲೆನ್ ಬಿಟ್ಟೆ" ಅನ್ನಬೇಕು, ಟಿಪ್ಸ್ ಸೇರಿಸಿ ಎಷ್ಟು ಅಂತ ಬಾಯಲ್ಲೇ ಹೇಳಿ ಕೊಡೋದು. ನೀರಿಗೆ ದುಡ್ಡು ಹಾಕ್ಬೇಡಿ, ವಿಯೆನ್ನಾ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಯಿಂದ 1873ರಿಂದ ಪೈಪಲ್ಲಿ ಬರ್ತಿದೆ, ಬಾಟ್ಲಿ ತುಂಬಿಸ್ಕೊಂಡು ಕುಡೀರಿ.

ಸಂಜೆಗೆ ಒಪೆರಾ. ದಡ್ಡಿ ಥರ ನಾನು ಮೊದಲ ದಿನ ಅದು ದೊಡ್ಡೋರಿಗೆ ಅಂತ ಹೊರಗಿಂದ ನೋಡಿ ಬಂದಿದ್ದೆ. 1869ರಲ್ಲಿ ತೆರೆದ ಕಟ್ಟಡ, 1945ರ ಮಾರ್ಚಲ್ಲಿ ಬಾಂಬ್ ಬಿದ್ದು ಸುಟ್ಟು, 1955ರಲ್ಲಿ ಮತ್ತೆ ಶುರುವಾಯ್ತು. ಅಲ್ಲಿ ನಿಂತ್ಕೊಂಡು ನೋಡೋ ಟಿಕೆಟ್ ಅಂತ ಇದೆ, ಕುರ್ಚಿ ಟಿಕೆಟ್ಟಿಗೆ ಹೋಲಿಸಿದ್ರೆ ತೀರಾ ಕಮ್ಮಿ, ಅದೇ ದಿನ ಕೊಡ್ತಾರೆ. ಒಳಗೆ ಹೋದ ತಕ್ಷಣ ನಿಮ್ಮ ಮುಂದಿರೋ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ, ಜಾಗ ನಿಮ್ಮದು ಅಂತ ಅರ್ಥ, ಆಮೇಲೆ ಆರಾಮಾಗಿ ಕಟ್ಟಡ ಸುತ್ತಿ ಬನ್ನಿ, ಯಾರೂ ಬಿಚ್ಚಲ್ಲ. ಬಸ್ ಕಿಟಕೀಲಿ ಟವೆಲ್ ಎಸೆದು ಸೀಟ್ ಹಿಡಿದು ಬೆಳೆದೋರು ನಾವು, ಈ ಪದ್ಧತಿ ನಮಗೆ ಹೇಳಿಕೊಡಬೇಕಾ. ನಾನು ಕಟ್ಟಿದ್ದು ಮೈಸೂರು ಸಿಲ್ಕ್ ದುಪಟ್ಟಾ, ಪಕ್ಕದ ಅಜ್ಜಿ ಅದನ್ನ ಮುಟ್ಟಿ ನೋಡಿ ಏನೋ ಜರ್ಮನ್ನಲ್ಲಿ ಹೊಗಳಿದ್ರು, ಅಷ್ಟು ಸಾಕಾಯ್ತು ಆ ಸಂಜೆಗೆ. ಮಾತು ಅರ್ಥ ಆಗೋಕೆ ಪುಟ್ಟ ಸ್ಕ್ರೀನ್ ಇರುತ್ತೆ. ಕಾಲು ನೋವಾದ್ರೆ ಅರ್ಧಕ್ಕೆ ಎದ್ದು ಬಂದ್ರೂ ನಷ್ಟ ಇಲ್ಲ. ಜುಲೈ ಆಗಸ್ಟಲ್ಲಿ ರಜೆ, ಗೊತ್ತಿರಲಿ. ಹೊರಗೆ ರಸ್ತೇಲಿ ಮೊಜಾರ್ಟ್ ವೇಷ, ವಿಗ್ ಹಾಕ್ಕೊಂಡು ಕನ್ಸರ್ಟ್ ಟಿಕೆಟ್ ಮಾರೋರು ಇರ್ತಾರೆ, ಅದು ಒಪೆರಾ ಅಲ್ಲ, ನಗುಮುಖದಿಂದ ಮುಂದೆ ಹೋಗಿ. ಕಲಾ ಇತಿಹಾಸದ ದೊಡ್ಡ ಮ್ಯೂಸಿಯಂ ಗುರುವಾರ ರಾತ್ರಿ ಒಂಬತ್ತರ ತನಕ ತೆಗೆದಿರುತ್ತೆ, ಬ್ರೂಗಲ್ ಅನ್ನೋ ಹಳೇ ಚಿತ್ರಕಾರನ ಬೇಬೆಲ್ ಗೋಪುರದ ಚಿತ್ರದ ಮುಂದೆ ಆ ಹೊತ್ತಲ್ಲಿ ಬೆಂಚೂ ಸಿಗುತ್ತೆ ನೆಮ್ಮದೀನೂ ಸಿಗುತ್ತೆ.

ಶೋನ್‌ಬ್ರುನ್ ಅರಮನೆ ನೋಡ್ತೀರಾ ಹೇಗೂ, ಮುಂಚೆ ಟಿಕೆಟ್ ಮಾಡ್ಸಿ, ಅದರ ಬಗ್ಗೆ ಎಲ್ಲರೂ ಬರೆದಿದಾರೆ ನಾನು ಬರೆಯಲ್ಲ. ಬದಲಿಗೆ 71ನೇ ಟ್ರಾಮ್ ಹತ್ತಿ. ಅದು ಹೋಗೋದು ಊರಿನ ದೊಡ್ಡ ಸ್ಮಶಾನಕ್ಕೆ, 1874ರಲ್ಲಿ ಶುರುವಾದದ್ದು. ಯಾರಾದ್ರೂ ಸತ್ರೆ ವಿಯೆನ್ನಾದೋರು "71 ಹತ್ತಿದ" ಅಂತಾರಂತೆ, ನಾವು "ಟಿಕೆಟ್ ತಗೊಂಡ" ಅನ್ನೋ ಹಾಗೇ. ಎರಡನೇ ಗೇಟಲ್ಲಿ ಇಳಿದು ಒಳಗೆ ನಡೆದ್ರೆ ಬೀಥೋವನ್, ಶೂಬರ್ಟ್, ಬ್ರಾಮ್ಸ್ ಅನ್ನೋ ದೊಡ್ಡ ಸಂಗೀತಗಾರರೆಲ್ಲ ಅಕ್ಕಪಕ್ಕದ ಮನೆಯವರ ಥರ ಮಲಗಿದಾರೆ, ನಡುವೆ ಮೊಜಾರ್ಟ್‌ಗೆ ಬರೀ ಸ್ಮಾರಕ, ಅವನನ್ನ 1791ರಲ್ಲಿ ಹೂತಿದ್ದು ಸೇಂಟ್ ಮಾರ್ಕ್ಸ್ ಅನ್ನೋ ಬೇರೆ ಸ್ಮಶಾನದಲ್ಲಿ, ಗುರುತಿನ ಕಲ್ಲೂ ಇರಲಿಲ್ಲ. ಅಮ್ಮನಿಗೆ ಮಾತ್ರ ಇವತ್ತು ಪಾರ್ಕಿಗೆ ಹೋಗಿದ್ದೆ ಅಂದೆ. ಭಾನುವಾರ ಅಂಗಡಿ ಎಲ್ಲ ಬಂದ್, ಶನಿವಾರವೇ ಹಣ್ಣು ಬ್ರೆಡ್ಡು ತಂದಿಟ್ಕೊಳ್ಳಿ.

ಅಮ್ಮನ ಎರಡನೇ ಪ್ರಶ್ನೆ, ಊಟ

ನಾನು ಮೊಟ್ಟೆ ತಿನ್ನೋ ಸಸ್ಯಾಹಾರಿ, ಮೊಟ್ಟೇನೂ ತಿನ್ನಲ್ಲ ಅನ್ನೋರಿಗೆ ಸ್ವಲ್ಪ ಕಷ್ಟ, ಆದ್ರೆ ಉಪವಾಸ ಏನಿಲ್ಲ. ಬಾಯಿಪಾಠ ಮಾಡ್ಕೊಳ್ಳಿ, ಮಾಂಸ ಬೇಡ ಅನ್ನೋಕೆ ಚೆಕ್‌ನಲ್ಲಿ "ಬೆಜ್ ಮಸಾ", ಜರ್ಮನ್ನಲ್ಲಿ "ಓನೆ ಫ್ಲೈಶ್", ಹಂಗೇರಿಯನ್ನಲ್ಲಿ "ಹೂಶ್ ನೇಲ್ಕ್ಯುಲ್". ಮೀನು, ಹ್ಯಾಮ್ ಬೇರೆಯಾಗಿ ಬೇಡ ಅನ್ನಿ. ಸೂಪು ತರಕಾರೀದೇ ಆದ್ರೂ ಮೂಳೆ ಬೇಯಿಸಿದ ನೀರಲ್ಲಿ ಮಾಡಿರಬಹುದು, ಕೇಳಿ. ಪ್ರಾಗ್‌ನಲ್ಲಿ ಕರಿದ ಚೀಸ್ ಜೊತೆ ಆಲೂಗಡ್ಡೆ ಸಿಗುತ್ತೆ, ಬ್ರಾಂಬೊರಾಕ್ ಅನ್ನೋ ಆಲೂಗಡ್ಡೆ ದೋಸೆ ಬೆಳ್ಳುಳ್ಳಿ ಹಾಕಿ ಮಾಡ್ತಾರೆ, ಚೆನ್ನಾಗಿರುತ್ತೆ. ಬೀದಿ ಬೀದೀಲಿ ಕೋಲಿಗೆ ಸುತ್ತಿ ಸುಡೋ ಟ್ರ್ಡೆಲ್ನಿಕ್ ಅನ್ನೋದನ್ನ ಹಳೇ ಚೆಕ್ ತಿಂಡಿ ಅಂತ ಮಾರ್ತಾರೆ, ಅದು ಟೂರಿಸ್ಟ್‌ಗಳಿಗಾಗಿ ಬಂದಿದ್ದು, ಸಿಹಿ ಬೇಕಾದ್ರೆ ತಿನ್ನಿ, ಇತಿಹಾಸ ಅಂತ ತಿನ್ಬೇಡಿ. ವಿಯೆನ್ನಾದಲ್ಲಿ ಕೈಸರ್‌ಶ್ಮಾರ್ನ್ ಅಂತ ಹರಿದು ಹಾಕಿದ ದಪ್ಪ ಸಿಹಿ ಪ್ಯಾನ್‌ಕೇಕ್, ಮೊಟ್ಟೆ ಇರುತ್ತೆ, ಒಬ್ಬರಿಗೆ ಒಂದು ಪ್ಲೇಟೇ ರಾತ್ರಿ ಊಟ. ಬುಡಾಪೆಸ್ಟಿನ ಲಾಂಗೋಶ್ ಅಂದ್ರೆ ನಮ್ಮ ಭಟೂರೆಯ ದೊಡ್ಡಣ್ಣ, ಬಿಸಿ ಎಣ್ಣೇಲಿ ಕರಿದು ಮೇಲೆ ಬೆಳ್ಳುಳ್ಳಿ ನೀರು ಸವರಿ ಹುಳಿ ಕೆನೆ, ಚೀಸ್ ಉದುರಿಸಿ ಕೊಡ್ತಾರೆ, ಅರ್ಧ ತಿನ್ನೋ ಹೊತ್ತಿಗೆ ನಿದ್ದೆ ಬರುತ್ತೆ. ದೊಡ್ಡ ಊಟ ಮಧ್ಯಾಹ್ನವೇ ಮಾಡಿ, ಮಧ್ಯಾಹ್ನದ ಮೆನು ಅಗ್ಗ, ಒಬ್ಬರೇ ಕೂತ್ರೂ ಆಫೀಸಿನೋರ ನಡುವೆ ಗೊತ್ತಾಗಲ್ಲ. ರಾತ್ರಿಗೆ ರೂಮಲ್ಲಿ ಅವಲಕ್ಕಿ, ಚಟ್ನಿಪುಡಿ, ಮೊಸರು. ಅಮ್ಮ ಗೆದ್ಲು ಅಲ್ಲಿ.

ಬುಡಾಪೆಸ್ಟ್, ನೀರಿನ ಊರು

ಬುಡಾ ಗುಡ್ಡದ ಕಡೆ, ಪೆಸ್ಟ್ ಬಯಲಿನ ಕಡೆ, ನಡುವೆ ಡ್ಯಾನ್ಯೂಬ್, 1873ರಲ್ಲಿ ಓಬುಡಾ ಅನ್ನೋ ಇನ್ನೊಂದು ಊರೂ ಸೇರಿ ಮೂರೂ ಒಂದೂರಾಯ್ತು. ಇಲ್ಲೂ ಬೆಳಗಿನ ಜಾವವೇ, ಬುಡಾ ಗುಡ್ಡದ ಮೇಲೆ ಮೀನುಗಾರರ ಬುರುಜು ಅಂತಾರಲ್ಲ ಅಲ್ಲಿಂದ ಸೂರ್ಯ ಪಾರ್ಲಿಮೆಂಟಿನ ಹಿಂದಿಂದ ಏಳೋದು ನೋಡಬೇಕು. ಆ ಪಾರ್ಲಿಮೆಂಟ್ ಗುಮ್ಮಟ 96 ಮೀಟರ್, ಸೇಂಟ್ ಸ್ಟೀಫನ್ ಬಸಿಲಿಕಾ ಅನ್ನೋ ಚರ್ಚೂ 96 ಮೀಟರ್, ಹಂಗೇರಿಯನ್ನರು ಇಲ್ಲಿಗೆ ಬಂದು ನೆಲೆಸಿದ 896ನೇ ಇಸವಿ ನೆನಪಿಗೆ. ಚೈನ್ ಬ್ರಿಜ್ 1849ರದ್ದು, 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಸ್ಫೋಟಿಸಿತು, ಮತ್ತೆ ಕಟ್ಟಿ ಸರಿಯಾಗಿ ನೂರು ವರ್ಷ ತುಂಬಿದ ದಿನ 1949ರ ನವೆಂಬರ್‌ನಲ್ಲಿ ತೆಗೆದ್ರು. 1896ರ ಒಂದನೇ ಮೆಟ್ರೋ ಲೈನಲ್ಲಿ ಒಂದು ಸಲ ಹೋಗಿ, ಹಳದಿ ಬಣ್ಣದ ಗಿಡ್ಡ ರೈಲು, ರಸ್ತೆಯಿಂದ ಒಂದು ಮಹಡಿ ಇಳಿದ್ರೆ ಪ್ಲಾಟ್‌ಫಾರಂ, ಗೋಡೆಗೆಲ್ಲ ಬಿಳೀ ಟೈಲ್ಸು.

ಪಾರ್ಲಿಮೆಂಟಿಂದ ದಕ್ಷಿಣಕ್ಕೆ ನದಿ ದಂಡೇಲಿ ಸ್ವಲ್ಪ ನಡೆದ್ರೆ ಕಲ್ಲಿನ ಅಂಚಲ್ಲಿ ಅರವತ್ತು ಜೊತೆ ಕಬ್ಬಿಣದ ಚಪ್ಪಲಿ ಶೂಗಳಿವೆ, 2005ರಲ್ಲಿ ಇಟ್ಟಿದ್ದು. 1944-45ರ ಚಳಿಗಾಲದಲ್ಲಿ ಹಂಗೇರಿಯ ಫ್ಯಾಸಿಸ್ಟರು ಯಹೂದಿಗಳನ್ನ ಅಲ್ಲಿ ಸಾಲಾಗಿ ನಿಲ್ಲಿಸಿ ಶೂ ಬಿಚ್ಚಿಸಿ ಗುಂಡು ಹೊಡೆದು ನದಿಗೆ ಬೀಳಿಸಿದ್ರು. ಹೀಲ್ ಇರೋ ಹೆಂಗಸರ ಶೂ ಇದೆ, ಪುಟ್ಟ ಮಗುವಿನದೂ ಇದೆ. ಸೆಲ್ಫಿ ತೆಗೆಯೋರ ಜೊತೆ ಜಗಳ ಆಡ್ಬೇಡಿ, ನಾನು ಆಡೋಕೆ ಹೋಗಿ ದಿನ ಹಾಳು ಮಾಡ್ಕೊಂಡೆ.

ಸಂಜೆಗೆ ಸೇಚೆನಿ ಬಿಸಿನೀರಿನ ಸ್ನಾನಗೃಹ, 1913ರದ್ದು, ಹಳದಿ ಅರಮನೆ ಥರ ಕಟ್ಟಡ, ನಡುವೆ ಬಯಲಲ್ಲಿ ಹಬೆ ಏಳೋ ಕೊಳ. ತಾತಂದಿರು ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡ್ತಿರ್ತಾರೆ. ಸ್ವಿಮ್ ಸೂಟ್, ಟವೆಲ್, ರಬ್ಬರ್ ಚಪ್ಪಲಿ ತಗೊಂಡು ಹೋಗಿ, ಅಲ್ಲೇ ತಗೊಂಡ್ರೆ ದುಬಾರಿ. ಮೈತುಂಬ ಬಟ್ಟೆ ಬೇಕು ಅನ್ನೋರು ಈಜಿನ ಬಟ್ಟೆಯಲ್ಲೇ ಹೊಲಿದದ್ದು ತಗೊಳ್ಳಿ, ಕಾಟನ್ ಲೆಗ್ಗಿಂಗ್ಸ್ ಬೇಡ. ಕೈಗೆ ವಾಚ್ ಥರ ಪಟ್ಟಿ ಕೊಡ್ತಾರೆ, ಅದೇ ಲಾಕರ್ ಬೀಗದ ಕೈ, ಲಾಕರ್ ನಂಬರ್ ನೆನಪಿಟ್ಕೊಳ್ಳಿ, ಎಲ್ಲ ಒಂದೇ ಥರ ಇರುತ್ತೆ, ಒದ್ದೆ ಕಾಲಲ್ಲಿ ನಾನು ಹದಿನೈದು ನಿಮಿಷ ಹುಡುಕಿದೀನಿ. ಮೊದಲ ಐದು ನಿಮಿಷ ನಾಚಿಕೆ, ಆಮೇಲೆ ಯಾರೂ ಯಾರನ್ನೂ ನೋಡ್ತಿಲ್ಲ ಅಂತ ಗೊತ್ತಾಗುತ್ತೆ. ಒಂಟಿಯಾಗಿ ಹೋದವಳು ಅಂತ ಆ ಇಡೀ ಟ್ರಿಪ್ಪಲ್ಲಿ ನಂಗೆ ಪೂರ್ತಿ ಮರೆತು ಹೋಗಿದ್ದು ಆ ನೀರಲ್ಲೇ.

ಒಬ್ಬರೇ ಹೋಗೋ ಗಂಡಸರಿಗೆ ಒಂದು ಮಾತು. ಸಂಜೆ ಪೆಸ್ಟ್ ಕಡೆ ಟೂರಿಸ್ಟ್ ಬೀದೀಲಿ ಇಬ್ಬರು ಹುಡುಗೀರು ತಾವಾಗೇ ಮಾತಾಡಿಸಿ ನಮಗೆ ಗೊತ್ತಿರೋ ಬಾರಿಗೆ ಹೋಗೋಣ ಅಂದ್ರೆ ಹೋಗ್ಬೇಡಿ, ಬಿಲ್ ಬಂದಾಗ ಬಾಗಿಲ ಹತ್ರ ದಾಂಡಿಗರು ನಿಂತಿರ್ತಾರೆ, ಇದು ಹಳೇ ಆಟ. ಹೆಂಗಸರಿಗೆ ನಾನು ಹೇಳೋದು, ರಾತ್ರಿ ಹತ್ತರ ತನಕ ಟ್ರಾಮಲ್ಲಿ ಓಡಾಡಿದೀನಿ, ಭಯ ಆಗ್ಲಿಲ್ಲ, ರೈಲು ಸ್ಟೇಷನ್ ಸುತ್ತ ಮಾತ್ರ ಕತ್ತಲಾದ್ಮೇಲೆ ನಿಂತು ಫೋನ್ ನೋಡೋದು ಬೇಡ. ತೊಂದರೆ ಆದ್ರೆ ಮೂರೂ ದೇಶದಲ್ಲಿ ನಂಬರ್ 112. ಅಮ್ಮನಿಗೆ ಫೋನ್ ಮಾಡೋದು ಅಲ್ಲಿನ ಮಧ್ಯಾಹ್ನ, ಊಟ ಆದ ತಕ್ಷಣ, ಆಗ ಇಲ್ಲಿ ಸಂಜೆ ಸೀರಿಯಲ್ ಶುರುವಾಗೋ ಮುಂಚೆ.

ಕೊನೇ ದಿನ 2ನೇ ಟ್ರಾಮಲ್ಲಿ ನದಿ ಪಕ್ಕ ಒಂದು ಸಲ ಆ ತುದಿಯಿಂದ ಈ ತುದಿಗೆ ಹೋಗಿ, ಉಳಿದ ಫೋರಿಂಟ್ ನಾಣ್ಯಗಳನ್ನ ಮಾರ್ಕೆಟ್ ಹಾಲಲ್ಲಿ ಮೆಣಸಿನಪುಡಿಗೆ ಖರ್ಚು ಮಾಡಿ, ಬ್ಯಾಡಗಿ ಮೆಣಸಿನಕಾಯಿ ಕಂಡೋರಿಗೆ ಅವರ ಪಾಪ್ರಿಕಾ ಬಣ್ಣ ಬಹಳ ಪರಿಚಿತ ಅನ್ಸುತ್ತೆ, ಸಿಹಿ ಥರದ್ದರಲ್ಲಿ ಖಾರ ಅಂತ ಏನೂ ಇಲ್ಲ. ಏರ್‌ಪೋರ್ಟಿಗೆ ಊರ ಮಧ್ಯದಿಂದ 100ಇ ಅನ್ನೋ ಬಸ್ಸಿದೆ, ಅದಕ್ಕೆ ಬೇರೆಯೇ ಟಿಕೆಟ್, ಮಾಮೂಲಿ ಟಿಕೆಟ್ ನಡೆಯಲ್ಲ. ನಾನು ತಗೊಂಡು, ಸರಿಯಾಗಿದೆಯಾ ಅಂತ ಮೂರು ಸಲ ನೋಡಿ, ಇಳಿಯೋ ತನಕ ಕೈಯಲ್ಲೇ ಹಿಡ್ಕೊಂಡಿದ್ದೆ. ಯಾರೂ ಚೆಕ್ ಮಾಡೋಕೆ ಬರಲೇ ಇಲ್ಲ.